ರಷ್ಯಾ ಚಕ್ರವರ್ತಿಗಳ ಒಡವೆ: ಬೆಲೆ ಕಲ್ಲಿಗಾ, ಕೆಲಸಕ್ಕಾ?

ಹರಳುಮರುಳ (ಚರ್ಚೆ ಶುರು ಮಾಡಿದವರು)

2025ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ರಷ್ಯಾದ ಅರಮನೆಗೆ ಒಡವೆ ಮಾಡಿಕೊಡುತ್ತಿದ್ದ ಫಾಬರ್ಜೆ ಅಂಗಡಿಯ ವಿಂಟರ್ ಎಗ್ ಅನ್ನುವ ಅಲಂಕಾರದ ಮೊಟ್ಟೆ 2.29 ಕೋಟಿ ಪೌಂಡಿಗೆ ಹೋಯಿತಲ್ಲ, ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದಕ್ಕೆ ‘ವಜ್ರದ ಮೊಟ್ಟೆ’ ಅಂತಲೇ ಹೆಸರು. ನನಗೆ ಇದು ಸ್ವಲ್ಪ ಕಿರಿಕಿರಿ.

ಆ ಮೊಟ್ಟೆ ಸ್ಫಟಿಕದ್ದು. ಅಷ್ಟೇನೂ ದುಬಾರಿ ಕಲ್ಲಲ್ಲ. ಅದರ ಮೇಲೆ ಪ್ಲಾಟಿನಂನಲ್ಲಿ ಹಿಮದ ಹರಳಿನ ಚಿತ್ತಾರ. ಇಡೀ ಮೊಟ್ಟೆಯಲ್ಲಿ ಕೂರಿಸಿದ ವಜ್ರಗಳು ಸುಮಾರು 4,500. ಆದರೆ ಎಲ್ಲವೂ ಸಣ್ಣ ಸಣ್ಣ ರೋಸ್ ಕಟ್ (ಅಡಿ ಚಪ್ಪಟೆ, ಮೇಲೆ ಗುಮ್ಮಟದ ಹಾಗೆ ಉಜ್ಜಿದ) ಚೂರುಗಳು. ಬಿಡಿಯಾಗಿ ಕಿತ್ತು ಮಾರಿದರೆ ಯಾರೂ ಮೂಗಿನ ಮೇಲೆ ಬೆರಳಿಡುವುದಿಲ್ಲ. ಮೊಟ್ಟೆ ಕೂತಿರುವ ಪೀಠವೂ ಸ್ಫಟಿಕವೇ, ಕರಗುತ್ತಿರುವ ಮಂಜುಗಡ್ಡೆಯ ಹಾಗೆ ಕಡೆದಿದ್ದಾರೆ. ಒಳಗೊಂದು ಪುಟ್ಟ ಪ್ಲಾಟಿನಂ ಬುಟ್ಟಿ. ಬುಟ್ಟಿಯಲ್ಲಿ ಬಿಳಿ ಕ್ವಾರ್ಟ್ಜ್ ಕಲ್ಲಿನ ಅನಿಮೋನಿ ಹೂಗಳು, ಹೂವಿನ ನಡುವೆ ಹಸಿರು ಡಿಮಾಂಟಾಯ್ಡ್ ಹರಳು, ಬುಡದಲ್ಲಿ ಚಿನ್ನದ ಪಾಚಿ. ಹೊರಗೆ ಚಳಿಗಾಲ, ಒಳಗೆ ವಸಂತ.

ರಷ್ಯಾದ ಅರಮನೆಯ ಒಡವೆ, ಅಲಂಕಾರದ ಸಾಮಾನು ಅಂದಾಗ ನಾವು ವಜ್ರ ಎಣಿಸುತ್ತಾ ಕೂರುತ್ತೇವೆ. ನನಗನ್ನಿಸುವುದು, ಅಲ್ಲಿ ನೋಡಬೇಕಾದದ್ದು ಕಲ್ಲು ಕಡೆದವರ, ಮೀನಾ (ಲೋಹದ ಮೇಲೆ ಸುಟ್ಟು ಕೂರಿಸುವ ಬಣ್ಣದ ಗಾಜು) ಹಚ್ಚಿದವರ ಕೈ. ಗೊತ್ತಿರುವವರು ಬರೆಯಿರಿ. ಬರೀ ‘ವಾವ್’ ಬೇಡ.

ಲೆಕ್ಕಿಗ

ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಲೆಕ್ಕ ಬೇರೆ ಹೇಳುತ್ತದೆ.

1913ರಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್ ಇದನ್ನು ತಾಯಿಗೆ ಈಸ್ಟರ್ ಉಡುಗೊರೆಯಾಗಿ ಕೊಟ್ಟಾಗ ಫಾಬರ್ಜೆ ಹಾಕಿದ ಬಿಲ್ಲು 24,600 ರೂಬಲ್. 1917ರ ಕ್ರಾಂತಿಯ ನಂತರ ಸೋವಿಯತ್ ಸರ್ಕಾರ ಮಾರಿದಾಗ ಲಂಡನ್ನಿನ ವಾರ್ಟ್‌ಸ್ಕಿ ಅಂಗಡಿ ಕೊಟ್ಟದ್ದು 450 ಪೌಂಡ್. 1994ರಲ್ಲಿ ಜಿನೀವಾದಲ್ಲಿ 70 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. 2002ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು 96 ಲಕ್ಷ ಡಾಲರ್. ಈಗ 2.29 ಕೋಟಿ ಪೌಂಡ್.

ಅದೇ ಮೊಟ್ಟೆ, ಅದೇ ಕೈಕೆಲಸ. 450 ಪೌಂಡ್ ಇದ್ದಾಗಲೂ ಆ ಸ್ಫಟಿಕ ಇಷ್ಟೇ ನಯವಾಗಿತ್ತು. ಹಾಗಾದರೆ ಏರಿದ್ದು ಯಾವುದರ ಬೆಲೆ? ಕೊಲೆಯಾದ ರಾಜಮನೆತನದ ಕಥೆಯ ಬೆಲೆ. ಕೆಲಸಕ್ಕೆ ಅಂತ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ ಸ್ವಾಮಿ.

ಹರಳುಮರುಳ

450 ಪೌಂಡ್ ಅನ್ನುವುದು ಬೆಲೆಯಲ್ಲ, ದಿವಾಳಿ ರೇಟು. ಆಗ ಮಾಸ್ಕೋಗೆ ಟ್ರ್ಯಾಕ್ಟರ್, ಯಂತ್ರ ಕೊಳ್ಳಲು ವಿದೇಶಿ ಹಣ ಬೇಕಿತ್ತು. ಅರಮನೆಯ ಸಾಮಾನನ್ನು ರಾಶಿ ರಾಶಿ ಮಾರುಕಟ್ಟೆಗೆ ಸುರಿದರು. ಅದೂ ಜಗತ್ತೇ ಆರ್ಥಿಕ ಕುಸಿತದಲ್ಲಿದ್ದ ಹೊತ್ತಿನಲ್ಲಿ. ಸಾವಿನ ಮನೆಯಲ್ಲಿ ಪಾತ್ರೆ ಮಾರಿದ ಬೆಲೆಯನ್ನು ಹಿಡಿದುಕೊಂಡು ಕಂಚುಗಾರನ ಯೋಗ್ಯತೆ ಅಳೆಯೋದಾ?

ಬಾಲ್ಟಿಕ್ ಕನ್ನಡತಿ

ನಾನು ಹೆಲ್ಸಿಂಕಿಯಲ್ಲಿ ಇರುವವಳು. ಈ ಮೊಟ್ಟೆಯ ವಿಷಯ ಬಂದಾಗ ಇಲ್ಲಿಯವರು ಮೊದಲು ಹೇಳುವ ಹೆಸರು ಫಾಬರ್ಜೆ ಅಲ್ಲ, ಆಲ್ಮಾ ಪಿಲ್.

ಆ ಕಾಲಕ್ಕೆ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಭಾಗ. ಸೇಂಟ್ ಪೀಟರ್ಸ್‌ಬರ್ಗ್‌ನ ಅಕ್ಕಸಾಲಿಗರಲ್ಲಿ ಫಿನ್ಲೆಂಡಿನಿಂದ ಹೋದವರು ಬಹಳ. ಫಾಬರ್ಜೆಯ ಮುಖ್ಯ ಕಮ್ಮಟಗಳನ್ನು ನಡೆಸುತ್ತಿದ್ದ ಎರಿಕ್ ಕೊಲಿನ್, ಆಗಸ್ಟ್ ಹೋಲ್ಮ್‌ಸ್ಟ್ರೋಮ್, ಹೆನ್ರಿಕ್ ವಿಗ್‌ಸ್ಟ್ರೋಮ್ ಎಲ್ಲ ಫಿನ್ಲೆಂಡಿನವರೇ. ಆಲ್ಮಾ ಈ ಹೋಲ್ಮ್‌ಸ್ಟ್ರೋಮ್ ಅವರ ಮೊಮ್ಮಗಳು. ಮೊದಲು ಅವಳ ಕೆಲಸ ಆದ ಒಡವೆಗಳ ಚಿತ್ರ ಬರೆದು ಲೆಕ್ಕದ ಪುಸ್ತಕದಲ್ಲಿ ಸೇರಿಸುವುದು. ಬಿಡುವಿನಲ್ಲಿ ತನ್ನದೇ ವಿನ್ಯಾಸ ಗೀಚುತ್ತಿದ್ದಳು. ಎಣ್ಣೆ ಉದ್ಯಮಿ ಎಮಾನುಯೆಲ್ ನೊಬೆಲ್ ತುರ್ತಾಗಿ 40 ಉಡುಗೊರೆ ಒಡವೆ ಬೇಕು ಅಂದ. ಹೊಸ ಬಗೆಯದ್ದಿರಬೇಕು, ಆದರೆ ಲಂಚ ಅನ್ನಿಸುವಷ್ಟು ಬೆಲೆ ಬಾಳಬಾರದು ಅನ್ನುವುದು ಅವನ ಷರತ್ತು ಅಂತ ಹೇಳುತ್ತಾರೆ. ಕಮ್ಮಟದ ಕಿಟಕಿ ಗಾಜಿನ ಮೇಲೆ ಕಟ್ಟಿದ್ದ ಹಿಮದ ಹೂಗಳನ್ನು ನೋಡಿ ಅವಳು ವಿನ್ಯಾಸ ಮಾಡಿಕೊಟ್ಟಳು. ವಿಂಟರ್ ಎಗ್ ಹುಟ್ಟಿದ್ದು ಅಲ್ಲಿಂದ.

ಮರುವರ್ಷ, 1914ರಲ್ಲಿ, ಮೊಸಾಯಿಕ್ ಎಗ್. ಅತ್ತೆ ದಾರದಲ್ಲಿ ಕಸೂತಿ ಹಾಕುತ್ತಿದ್ದುದನ್ನು ನೋಡುತ್ತಾ ಹೊಳೆದ ಕಲ್ಪನೆ ಅದು. ಬಟ್ಟೆಯ ನೂಲಿನ ಬದಲು ಪ್ಲಾಟಿನಂ ಜಾಲರಿ. ಹೊಲಿಗೆಯ ಬದಲು ಒಂದೊಂದು ಕಿಂಡಿಗೂ ಅಳತೆಗೆ ಕತ್ತರಿಸಿ ಕೂರಿಸಿದ ಹರಳು. 1933ರಲ್ಲಿ ಬ್ರಿಟನ್ನಿನ ಐದನೇ ಜಾರ್ಜ್ ಕೊಂಡ. ಈಗಲೂ ಅವರ ಮನೆತನದ ಸಂಗ್ರಹದಲ್ಲೇ ಇದೆ.

ಕ್ರಾಂತಿಯಾದ ಮೇಲೆ ಆಲ್ಮಾ ಫಿನ್ಲೆಂಡಿಗೆ ಬಂದಳು. ಕೂಸಾಂಕೋಸ್ಕಿ ಅನ್ನುವ ಕಾಗದ ಕಾರ್ಖಾನೆಯ ಊರಿನಲ್ಲಿ 1951ರವರೆಗೆ ಡ್ರಾಯಿಂಗ್ ಟೀಚರ್. ಮಕ್ಕಳಿಗೆ ತಾನು ಯಾರು ಅಂತ ಹೇಳಲೇ ಇಲ್ಲ.

ಲೆಕ್ಕಿಗ

ಮೇಡಂ, ಈ ಕಥೆ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ನೋಡಿ, ಹರಾಜಿನಲ್ಲಿ ದೊಡ್ಡಕ್ಷರದಲ್ಲಿ ಬಂದದ್ದು ‘ಫಾಬರ್ಜೆ’, ‘ಚಕ್ರವರ್ತಿ’. ಆಲ್ಮಾ ಪಿಲ್ ಹೆಸರು ಕೆಳಗೆ ಎಲ್ಲೋ. ನಾನು ಹೇಳಿದ್ದು ಇದನ್ನೇ.

ಪತ್ತಾರ ಮನೆ

ನಮ್ಮದು ಪತ್ತಾರಿಕೆ ಮನೆತನ. ಹಾಗಾಗಿ ಎರಡು ಮಾತು ಹೇಳಲೇಬೇಕು.

ಕಾರ್ಲ್ ಫಾಬರ್ಜೆ ಸ್ವತಃ ಕುಲುಮೆ ಮುಂದೆ ಕೂತು ಈ ಮೊಟ್ಟೆಗಳನ್ನು ಮಾಡಿದವನಲ್ಲ. ಅಪ್ಪ ಗುಸ್ತಾವ್ 1842ರಲ್ಲಿ ತೆರೆದ ಅಂಗಡಿಯನ್ನು 1872ರಲ್ಲಿ ವಹಿಸಿಕೊಂಡು ದೊಡ್ಡದು ಮಾಡಿದ. ಒಂದೊಂದು ಕಮ್ಮಟಕ್ಕೂ ಒಬ್ಬ ಮೇಸ್ತ್ರಿ, ಅವನ ಕೆಳಗೆ ಆಳುಗಳು. ಮಾಲಿನ ಮೇಲೆ ಮೇಸ್ತ್ರಿಯ ಹೆಸರಿನ ಮೊದಲಕ್ಷರದ ಮುದ್ರೆ. ಫಾಬರ್ಜೆ ನೋಡಿ ಒಪ್ಪದಿದ್ದರೆ ಆ ಮಾಲು ಅಂಗಡಿಗೆ ಹೋಗುವಂತಿರಲಿಲ್ಲ. ಮೊಟ್ಟೆಗಳಲ್ಲಿ ಹೆಚ್ಚಿನವು ಮಿಖಾಯಿಲ್ ಪೆರ್ಖಿನ್ ಮತ್ತು ಅವನ ನಂತರ ಬಂದ ವಿಗ್‌ಸ್ಟ್ರೋಮ್ ಕಮ್ಮಟದವು. ಪೆರ್ಖಿನ್ ರೈತರ ಮನೆಯ ಹುಡುಗ.

ಈಗ ಮೀನಾ ವಿಷಯ. ಅಲ್ಲೇ ನನ್ನ ತಲೆ ತಿರುಗುವುದು.

ನಮ್ಮಲ್ಲಿ ಕಾಣುವ ಮೀನಾಕಾರಿಯಲ್ಲಿ ಲೋಹದಲ್ಲಿ ಗುಂಡಿ ತೋಡಿ, ಆ ಗುಂಡಿಗೆ ಬಣ್ಣದ ಗಾಜಿನ ಪುಡಿ ತುಂಬಿ ಸುಡುತ್ತಾರೆ. ಗುಂಡಿಯ ಅಂಚು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವರದ್ದು ಹಾಗಲ್ಲ. ಮೊದಲು ಚಿನ್ನ ಇಲ್ಲವೇ ಬೆಳ್ಳಿಯ ತಗಡಿನ ಮೇಲೆ ಒಂದು ಲೇತ್‌ನಿಂದ ಕೂದಲೆಳೆಯಂಥ ಗೆರೆ ಕೊರೆಯುತ್ತಾರೆ. ಅಲೆ, ಸೂರ್ಯಕಿರಣ, ರೇಷ್ಮೆ ಬಟ್ಟೆಯ ಮಡಿಕೆ, ಹೀಗೆ. ಇದಕ್ಕೆ ಗಿಲೋಷೆ ಅನ್ನುತ್ತಾರೆ. ಅದರ ಮೇಲೆ ಇಡೀ ಮೈಗೆ ಪಾರದರ್ಶಕ ಮೀನಾ. ಒಂದು ಪದರ ಹಚ್ಚಿ 700–800 ಡಿಗ್ರಿ ಕಾವಿನಲ್ಲಿ ಸುಡಬೇಕು. ತಣಿಸಿ, ತಿಕ್ಕಿ, ಮತ್ತೊಂದು ಪದರ. ಹೀಗೆ ಐದಾರು ಸಲ. ಕೆಳಗಿನ ಪದರಕ್ಕೆ ಕಾವು ಜಾಸ್ತಿ, ಮೇಲಿನದ್ದಕ್ಕೆ ಕಮ್ಮಿ. ಇಲ್ಲದಿದ್ದರೆ ಮೇಲಿನದು ಕೂರುವ ಹೊತ್ತಿಗೆ ಕೆಳಗಿನದು ಕರಗಿ ಹರಿಯುತ್ತದೆ. ಕೊನೆಗೆ ಮರದ ಚಕ್ರ, ಆಮೇಲೆ ಮೆತ್ತನೆಯ ತೊಗಲಿನಲ್ಲಿ ಗಂಟೆಗಟ್ಟಲೆ ಹೊಳಪು.

ಚಪ್ಪಟೆ ತಗಡಿನ ಮೇಲೆ ಇದನ್ನು ಮಾಡುವುದೇ ಕಷ್ಟ. ಮೊಟ್ಟೆಯಂಥ ಗುಂಡು ಮೈ ಮೇಲೆ ಗಾಜಿನ ಪುಡಿ ಜಾರುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗುತ್ತದೆ. ಒಂದೇ ಒಂದು ಧೂಳಿನ ಕಣ, ಒಂದು ಗಾಳಿಗುಳ್ಳೆ ಸಾಕು, ಎಲ್ಲ ಕೆರೆದು ಮೊದಲಿನಿಂದ ಶುರು. ಇಂಥದರಲ್ಲಿ 140ಕ್ಕೂ ಹೆಚ್ಚು ಬಣ್ಣದ ಛಾಯೆಗಳನ್ನು ಸಿದ್ಧಿಸಿಕೊಂಡಿದ್ದರು. 1897ರ ಕೊರೊನೇಶನ್ ಎಗ್‌ನ ಹಳದಿ ನೋಡಿ. ಮೀನಾದ ಕೆಳಗಿನ ಕಿರಣದ ಗೆರೆಗಳು ಬೆಳಕು ತಿರುಗಿದ ಹಾಗೆ ಓಡುತ್ತವೆ.

ಆ ಮೊಟ್ಟೆಯೊಳಗಿನ ಸಾರೋಟು ಹತ್ತು ಸೆಂಟಿಮೀಟರಿಗಿಂತ ಚಿಕ್ಕದು. ಚಕ್ರ ತಿರುಗುತ್ತದೆ, ಬಾಗಿಲು ತೆರೆಯುತ್ತದೆ, ಮೆಟ್ಟಿಲು ಮಡಚಿಕೊಳ್ಳುತ್ತದೆ. ಜಾರ್ಜ್ ಸ್ಟೈನ್ ಅನ್ನುವ ಕುಶಲಕರ್ಮಿ ಅದೊಂದಕ್ಕೇ ವರ್ಷಕ್ಕಿಂತ ಜಾಸ್ತಿ ಕೂತ.

ಚಿನ್ನದಲ್ಲೂ ಆಟ ಇದೆ. ಬೆಳ್ಳಿ ಜಾಸ್ತಿ ಬೆರೆಸಿದರೆ ಚಿನ್ನಕ್ಕೆ ಹಸಿರು ಛಾಯೆ, ತಾಮ್ರ ಜಾಸ್ತಿಯಾದರೆ ಕೆಂಪು. ಎಲೆಗೆ ಹಸಿರು ಚಿನ್ನ, ಹೂವಿಗೆ ಕೆಂಪು ಚಿನ್ನ, ರಿಬ್ಬನ್ನಿಗೆ ಹಳದಿ ಚಿನ್ನ. ನಮ್ಮ ಗಿರಾಕಿಗಳಿಗೆ ಕೊಟ್ಟರೆ ‘ಇದು ಎಷ್ಟು ಟಚ್’ ಅಂತ ಕೇಳಿ ವಾಪಸ್ ಕೊಡುತ್ತಾರೆ!

ನಿದ್ದೆಗೇಡಿ

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೆಲ್ಲ ಮಾಡಿದ್ರಲ್ಲ ಮಾರಾಯ್ರೇ. ನನಗೆ ಕೀ ಕೊಟ್ಟರೆ ಓಡುವ ರೈಲು ಇರುವ ಮೊಟ್ಟೆ ಇಷ್ಟ. 1900ರ ಟ್ರಾನ್ಸ್ ಸೈಬೀರಿಯನ್ ಎಗ್. ಮೊಟ್ಟೆಯ ಮೈಮೇಲೆ ಬೆಳ್ಳಿಯಲ್ಲಿ ರೈಲು ಮಾರ್ಗದ ನಕ್ಷೆ ಕೆತ್ತಿದ್ದಾರೆ. ಈಗ ಕ್ರೆಮ್ಲಿನ್‌ನ ಆಯುಧಾಗಾರದ ಮ್ಯೂಸಿಯಂನಲ್ಲಿದೆ.

ಸಾಣೆಗಲ್ಲು

ಎಲ್ಲರೂ ಫಾಬರ್ಜೆ ಸುತ್ತಲೇ ಗಿರಕಿ ಹೊಡೆಯುತ್ತಿದ್ದೀರಿ. ಸ್ವಲ್ಪ ಉರಾಲ್ ಬೆಟ್ಟಗಳ ಕಡೆ ಬನ್ನಿ. ನಾನು ಓದಿದ್ದು ಭೂವಿಜ್ಞಾನ. ನನ್ನ ಪಾಲಿಗೆ ರಷ್ಯಾದ ನಿಜವಾದ ಹೆಚ್ಚುಗಾರಿಕೆ ಇರುವುದು ದೊಡ್ಡ ಕಲ್ಲಿನ ಕೆಲಸದಲ್ಲಿ.

ಚಕ್ರವರ್ತಿಗಳ ಸ್ವಂತ ಕಲ್ಲು ಕಡೆಯುವ ಕಾರ್ಖಾನೆಗಳು ಮೂರು. ಪೀಟರ್ಸ್‌ಬರ್ಗ್ ಪಕ್ಕದ ಪೀಟರ್‌ಹೋಫ್, ಉರಾಲ್‌ನ ಯೆಕಟೆರಿನ್‌ಬರ್ಗ್, ಮತ್ತು ದೂರದ ಅಲ್ತಾಯ್ ಸೀಮೆಯ ಕೊಲಿವಾನ್. ಬೇರೆ ರಾಜರು ಬಣ್ಣದ ಕಲ್ಲನ್ನು ಆಚೆಯಿಂದ ತರಿಸಬೇಕಿತ್ತು. ಇವರ ರಾಜ್ಯದಲ್ಲೇ ಬೆಟ್ಟಗಟ್ಟಲೆ ಇತ್ತು.

ಮೊದಲು ಮ್ಯಾಲಕೈಟ್. ಹಸಿರು ಪಟ್ಟೆಪಟ್ಟೆಯ ತಾಮ್ರದ ಅದಿರು. ನಿಜ್ನಿ ತಗೀಲ್‌ನ ದೆಮಿದೋವ್ ಮನೆತನದ ಗಣಿಗಳಿಂದ ಬಂತು. ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಆಳೆತ್ತರದ ಹಸಿರು ಕಲಶಗಳನ್ನು, ಕಂಬಗಳನ್ನು ನೋಡಿ ಇಡೀ ಕಲ್ಲಿನಲ್ಲಿ ಕಡೆದದ್ದು ಅಂದುಕೊಳ್ಳುತ್ತಾರೆ. ಅಷ್ಟು ದೊಡ್ಡ, ಬಿರುಕಿಲ್ಲದ ಮ್ಯಾಲಕೈಟ್ ಸಿಗುವುದೇ ಅಪರೂಪ. ಅದನ್ನು ಕೆಲವೇ ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು, ಬೇರೆ ಕಲ್ಲು ಅಥವಾ ಲೋಹದ ಮೈಗೆ ಅಂಟಿಸುತ್ತಾರೆ. ಒಂದು ಬಿಲ್ಲೆಯ ಪಟ್ಟೆ ಮುಂದಿನ ಬಿಲ್ಲೆಯ ಪಟ್ಟೆಗೆ ಸೇರಬೇಕು. ಸಂದಿಗೆ ಮ್ಯಾಲಕೈಟ್ ಪುಡಿಯನ್ನೇ ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಆಮೇಲೆ ಉಜ್ಜಿದರೆ ಹೊಲಿಗೆಯೇ ಕಾಣುವುದಿಲ್ಲ. ಇದಕ್ಕೆ ರಷ್ಯನ್ ಮೊಸಾಯಿಕ್ ಅಂತ ಹೆಸರು. 1837ರ ಬೆಂಕಿಯಲ್ಲಿ ಚಳಿಗಾಲದ ಅರಮನೆ ಸುಟ್ಟುಹೋದ ಮೇಲೆ ಅಲೆಕ್ಸಾಂಡರ್ ಬ್ರ್ಯುಲೋವ್ ಕಟ್ಟಿಸಿದ ಮ್ಯಾಲಕೈಟ್ ಕೋಣೆಗೆ ಸುಮಾರು ಎರಡು ಟನ್ ಕಲ್ಲು ಹೀಗೆ ಹೋಯಿತು. 1917ರಲ್ಲಿ ಚಕ್ರವರ್ತಿ ಕೆಳಗಿಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರದ ಮಂತ್ರಿಗಳು ಕೊನೆಯ ದಿನಗಳಲ್ಲಿ ಸಭೆ ಸೇರುತ್ತಿದ್ದದ್ದೂ ಅದೇ ಕೋಣೆಯಲ್ಲಿ.

ಮ್ಯಾಲಕೈಟ್ ಮೆತ್ತಗಿನ ಕಲ್ಲು. ವಜ್ರಕ್ಕೆ 10 ಕೊಡುವ ಅಳತೆಯಲ್ಲಿ ಇದರ ಗಡಸುತನ 4ರ ಒಳಗೆ. ಜಾಸ್ಪರ್ ಹಾಗಲ್ಲ, 7ರ ಹತ್ತಿರ. ಉಕ್ಕಿಗೂ ಬಗ್ಗುವುದಿಲ್ಲ. ಈಗ ಕೊಲಿವಾನ್ ಕಲಶದ ಕಥೆ ಕೇಳಿ.

1829ರಲ್ಲಿ ಅಲ್ತಾಯ್‌ನ ರೆವ್ನೆವಾಯಾ ಬೆಟ್ಟದಲ್ಲಿ ಹಸಿರು ಅಲೆಯ ಜಾಸ್ಪರ್‌ನ ಒಂದೇ ಬಂಡೆ ಸಿಕ್ಕಿತು. ನೂರಾರು ಜನ ಎಳೆದು ಕಾರ್ಖಾನೆಗೆ ತಂದರು. 1831ರಿಂದ 1843ರವರೆಗೆ ಕಡೆದರು. ಬಟ್ಟಲಿನ ಉದ್ದ ಐದು ಮೀಟರ್ ದಾಟುತ್ತದೆ, ಅಗಲ ಮೂರು ಮೀಟರಿಗೂ ಜಾಸ್ತಿ, ಒಟ್ಟು ಎತ್ತರ ಎರಡೂವರೆ ಮೀಟರ್ ಮೀರುತ್ತದೆ. ತೂಕ 19 ಟನ್. ನೂರಕ್ಕೂ ಹೆಚ್ಚು ಕುದುರೆ ಕಟ್ಟಿ ಹಿಮದ ಮೇಲೆ ಎಳೆದು, ಆಮೇಲೆ ದೋಣಿಗಳಲ್ಲಿ ಪೀಟರ್ಸ್‌ಬರ್ಗ್‌ಗೆ ಸಾಗಿಸಿದರು. 1849ರಲ್ಲಿ ಹೊಸ ಹರ್ಮಿಟೇಜ್‌ನ ಕೋಣೆಗೆ ಒಳತರಲು 770 ಜನ ಬೇಕಾದರು. ಇವತ್ತಿಗೂ ಅದು ಆ ಕೋಣೆಯ ಬಾಗಿಲಿನಿಂದ ಆಚೆ ಬರುವಂತಿಲ್ಲ.

ಚಂದ ಅಂತ ಕೇಳಿದರೆ, ನನಗೆ ಅದು ಅಷ್ಟೇನೂ ಚಂದ ಅನ್ನಿಸುವುದಿಲ್ಲ. ಫೋಟೊದಲ್ಲಿ ದೊಡ್ಡ ನೀರಿನ ತೊಟ್ಟಿ. ಆದರೆ ಅಂಚಿನ ಎಲೆಗೆತ್ತನೆಯನ್ನು ಹತ್ತಿರದಿಂದ ತೋರಿಸುವ ಚಿತ್ರ ಹುಡುಕಿ ನೋಡಿ. ಅಷ್ಟು ಗಡಸು ಕಲ್ಲಿನಲ್ಲಿ ಆ ತಿರುವು ತರುವುದು ಅಂದರೆ ತಮಾಷೆಯಲ್ಲ.

ಲೆಕ್ಕಿಗ

ಹನ್ನೆರಡು ವರ್ಷ ಆ ಜಾಸ್ಪರ್ ಕಡೆದವರು ಯಾರು, ಅದನ್ನೂ ಹೇಳಿ. ಜೀತ ರದ್ದಾದದ್ದು 1861ರಲ್ಲಿ. ಅದಕ್ಕೂ ಮುಂಚಿನ ಉರಾಲ್, ಅಲ್ತಾಯ್ ಕಾರ್ಖಾನೆಗಳು ನಡೆದದ್ದು ಕಾರ್ಖಾನೆಗೇ ಕಟ್ಟಿಹಾಕಿದ ಜನರಿಂದ. ಬಿಟ್ಟು ಹೋಗುವ ಹಾಗಿಲ್ಲ. ಅಪ್ಪ ಕಲ್ಲು ಉಜ್ಜಿದರೆ ಮಗನೂ ಉಜ್ಜಬೇಕು. ಜಾಸ್ಪರ್ ದೂಳು ಅಂದರೆ ಸಿಲಿಕಾ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕಲ್ಲಾಗುತ್ತದೆ. ‘ಕೈಕೆಲಸ’ ಅಂತ ಹೊಗಳುವಾಗ ಆ ಕೈಗೆ ಎಷ್ಟು ಕೂಲಿ ಸಿಕ್ಕಿತು ಅನ್ನುವುದೂ ಬರಲಿ.

ಸಾಣೆಗಲ್ಲು

ಬರಲೇಬೇಕು. ನಾನು ಅಲ್ಲಗಳೆಯುವುದಿಲ್ಲ. ನೀರು ಹರಿಸಿ ಉಜ್ಜುವಾಗ ದೂಳು ಕಮ್ಮಿ ಏಳುತ್ತದೆ, ಆದರೆ ಒಣ ಕೆತ್ತನೆಯಲ್ಲಿ ತಪ್ಪಿದ್ದಲ್ಲ.

ಜೀತ ಹೋದ ಮೇಲೆಯೂ ಆ ಮಟ್ಟದ ಕೆಲಸ ನಿಲ್ಲಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಪೀಟರ್ಸ್‌ಬರ್ಗ್‌ನ ಪೀಟರ್ ಪಾಲ್ ಚರ್ಚಿನಲ್ಲಿ ಎರಡನೇ ಅಲೆಕ್ಸಾಂಡರ್ ಮತ್ತು ಅವನ ಹೆಂಡತಿ ಮರಿಯಾ ಅವರ ಸಮಾಧಿಗಳಿವೆ. ಅವನದ್ದು ಅಲ್ತಾಯ್‌ನ ಹಸಿರು ಜಾಸ್ಪರ್, ಅವಳದ್ದು ಉರಾಲ್‌ನ ಗುಲಾಬಿ ರೋಡೊನೈಟ್. ಜೀತ ರದ್ದು ಮಾಡಿದ ದೊರೆ ಅವನೇ. ಆ ಎರಡು ಕಲ್ಲುಗಳನ್ನು ಪೀಟರ್‌ಹೋಫ್‌ನಲ್ಲಿ ಸುಮಾರು 17 ವರ್ಷ ಕಡೆದು 1906ರಲ್ಲಿ ಇಟ್ಟರು. ಉಳಿದ ಚಕ್ರವರ್ತಿಗಳ ಸಮಾಧಿಗಳೆಲ್ಲ ಬಿಳಿ ಅಮೃತಶಿಲೆ. ನಡುವೆ ಇವೆರಡೇ ಬಣ್ಣದವು.

ಮಳೆನಾಡ ಮಿಡತೆ

ಅಲೆಕ್ಸಾಂಡ್ರೈಟ್ ಬಗ್ಗೆ ಯಾರೂ ಹೇಳಲಿಲ್ಲ? ಹಗಲಲ್ಲಿ ಹಸಿರು, ರಾತ್ರಿ ಕೆಂಪು ಅಂತಾರಲ್ಲ. ಅದು ನಿಜವಾ ಅಥವಾ ಜ್ಯೋತಿಷಿಗಳ ಕಥೆಯಾ?

ಸಾಣೆಗಲ್ಲು

ನಿಜ. 1830ರ ದಶಕದಲ್ಲಿ ಉರಾಲ್‌ನ ಪಚ್ಚೆ ಗಣಿಗಳಲ್ಲಿ ಸಿಕ್ಕಿದ್ದು. ಆಗಿನ ಯುವರಾಜ ಅಲೆಕ್ಸಾಂಡರ್‌ನ ಹೆಸರಿಟ್ಟರು. ಅವನ ಹುಟ್ಟುಹಬ್ಬದ ದಿನವೇ ಸಿಕ್ಕಿತು ಅನ್ನುವುದು ಮಾತ್ರ ಆಸ್ಥಾನದ ಕಥೆ ಇರಬೇಕು.

ಹರಳಿನಲ್ಲಿರುವ ಕ್ರೋಮಿಯಂ ಇದರ ಗುಟ್ಟು. ಅದು ಹಳದಿ ಭಾಗದ ಬೆಳಕನ್ನು ನುಂಗಿ, ಹಸಿರನ್ನೂ ಕೆಂಪನ್ನೂ ಹೆಚ್ಚುಕಮ್ಮಿ ಸಮವಾಗಿ ಬಿಡುತ್ತದೆ. ಬಿಸಿಲಿನಲ್ಲಿ ಹಸಿರು ನೀಲಿ ಜಾಸ್ತಿ ಇರುವುದರಿಂದ ಹರಳು ಹಸಿರು. ಮೇಣದಬತ್ತಿಯಲ್ಲಿ ಕೆಂಪು ಜಾಸ್ತಿ, ಆಗ ಕೆಂಪು. ಸಾಮ್ರಾಜ್ಯದ ಸೇನೆಯ ಬಣ್ಣಗಳೂ ಹಸಿರು ಕೆಂಪೇ ಆಗಿದ್ದರಿಂದ ಆಸ್ಥಾನದವರಿಗೆ ಹುಚ್ಚು ಹಿಡಿಯಿತು. ನಮ್ಮ ಆಂಧ್ರ, ಒಡಿಶಾ, ಕೇರಳದಲ್ಲೂ ಸಿಗುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ‘ಅಲೆಕ್ಸಾಂಡ್ರೈಟ್’ ಬಹುಪಾಲು ಮನುಷ್ಯರೇ ತಯಾರಿಸಿದ ಹರಳು, ಹುಷಾರು.

ವಿಂಟರ್ ಎಗ್‌ನ ಹೂವಿನ ನಡುವಿನ ಡಿಮಾಂಟಾಯ್ಡ್ ಕೂಡ ಉರಾಲ್‌ನದ್ದೇ. ಹಸಿರು ಗಾರ್ನೆಟ್. ಬೆಳಕನ್ನು ಬಣ್ಣಗಳಾಗಿ ಒಡೆಯುವುದರಲ್ಲಿ ವಜ್ರಕ್ಕಿಂತ ಮುಂದು. ಲೆನ್ಸ್‌ನಲ್ಲಿ ನೋಡಿದರೆ ಒಳಗೆ ಕುದುರೆ ಬಾಲದಂಥ ಎಳೆಗಳು ಕಾಣುತ್ತವೆ. ಬೇರೆ ಹರಳಲ್ಲಿ ದೋಷ ಅನ್ನುವುದನ್ನು ಇದರಲ್ಲಿ ಮಾತ್ರ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಕೃಷ್ಣಾ ತೀರ

ವಜ್ರದ ಮಾತು ಬಂದಾಗ ನಮ್ಮ ಕಡೆಯ ಎರಡು ಕಲ್ಲುಗಳನ್ನು ಬಿಡುವಂತಿಲ್ಲ. ಎರಡೂ ಈಗ ಕ್ರೆಮ್ಲಿನ್‌ನ ಡೈಮಂಡ್ ಫಂಡ್ ಅನ್ನುವ ಸರ್ಕಾರಿ ಒಡವೆ ಸಂಗ್ರಹದಲ್ಲಿವೆ. ಎರಡೂ ದಖ್ಖನ್ನಿನ ಗಣಿಗಳಿಂದ ಹೋದವು.

ಶಾ ವಜ್ರ: 88.7 ಕ್ಯಾರೆಟ್, ಸ್ವಲ್ಪ ಹಳದಿ. ಪಟ್ಟೆ ಹಾಕದೆ ಬಹುಪಾಲು ಹುಟ್ಟಿದ ಆಕಾರದಲ್ಲೇ ಉಜ್ಜಿದ ಉದ್ದನೆಯ ಕಲ್ಲು. ದಾರ ಕಟ್ಟಲು ಸುತ್ತಲೂ ಕೊರೆದ ಒಂದು ಗೀರು. ಕಲ್ಲಿನ ಮೇಲೆ ಮೂವರು ದೊರೆಗಳ ಹೆಸರು ಕೆತ್ತಿದೆ. ಅಹ್ಮದ್‌ನಗರದ ಎರಡನೇ ಬುರ್ಹಾನ್ ನಿಜಾಮ್ ಶಾ, ಹಿಜರಿ 1000, ಅಂದರೆ 1591. ಷಹಜಹಾನ್, 1641. ಇರಾನಿನ ಫತ್ ಅಲಿ ಶಾ, 1826ರ ಸುಮಾರು. ವಜ್ರದ ಮೇಲೆ ವಜ್ರದ ಪುಡಿಯಿಂದಲೇ ಅಕ್ಷರ ಕೊರೆಯಬೇಕು. ನಮ್ಮ ಬಹಮನಿ ನಾಡಿನ ಅಕ್ಕಪಕ್ಕ 1591ರಲ್ಲಿ ಇಂಥ ಕೆಲಸ ಬಲ್ಲವರು ಇದ್ದರು!

ರಷ್ಯಾಕ್ಕೆ ಹೋದ ಬಗೆ ಕೇಳಿ. 1829ರಲ್ಲಿ ತೆಹರಾನ್‌ನಲ್ಲಿ ಜನರ ಗುಂಪು ರಷ್ಯಾದ ರಾಯಭಾರಿ, ನಾಟಕಕಾರ ಗ್ರಿಬೊಯೆದೋವ್‌ನನ್ನು ಕೊಂದಿತು. ಯುದ್ಧ ತಪ್ಪಿಸಲು ಶಾ ತನ್ನ ಮೊಮ್ಮಗ ಖುಸ್ರೋ ಮಿರ್ಜಾನನ್ನು ಕಾಣಿಕೆಗಳ ಜೊತೆ ಒಂದನೇ ನಿಕೊಲಾಸ್ ಹತ್ತಿರ ಕಳಿಸಿದ. ಆ ಕಾಣಿಕೆಗಳಲ್ಲಿ ಈ ಕಲ್ಲೂ ಇತ್ತು.

ಇನ್ನೊಂದು ಓರ್ಲೋವ್. ಸುಮಾರು 190 ಕ್ಯಾರೆಟ್. ಮಹಾರಾಣಿ ಕ್ಯಾಥರೀನ್‌ಗೆ ಗ್ರಿಗೊರಿ ಓರ್ಲೋವ್ ಕೊಟ್ಟದ್ದು. 1774ರಿಂದ ರಾಜದಂಡದ ತುದಿಯಲ್ಲಿದೆ. ಶ್ರೀರಂಗಂ ದೇವರ ಕಣ್ಣಿನಿಂದ ಫ್ರೆಂಚ್ ಸಿಪಾಯಿ ಕದ್ದದ್ದು ಅಂತ ಹೇಳುತ್ತಾರೆ.

ಹರಳುಮರುಳ

ಶ್ರೀರಂಗಂ ಕಥೆಯನ್ನು ನಾನು ನಂಬುವುದಿಲ್ಲ. ಗರ್ಭಗುಡಿಯ ಹತ್ತಿರ ಪರದೇಶಿ ಸಿಪಾಯಿ ವರ್ಷಗಟ್ಟಲೆ ವೇಷ ಹಾಕಿಕೊಂಡು ಇದ್ದ ಅನ್ನುವುದು ಯುರೋಪಿನವರಿಗೆ ಬೇಕಾದ ರೋಚಕ ಕಥೆ. 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಫ್ರೆಂಚ್ ಹರಳು ವ್ಯಾಪಾರಿ ತಾವೆರ್ನಿಯೆ ನೋಡಿದ ‘ಗ್ರೇಟ್ ಮೊಗಲ್’ ವಜ್ರ ಇದೇ ಅಂತ ಬಹಳ ಜನ ತಜ್ಞರು ಹೇಳುತ್ತಾರೆ. ಅವನು ಅದನ್ನು ಅರ್ಧಕ್ಕೆ ಕತ್ತರಿಸಿದ ಮೊಟ್ಟೆಯ ಹಾಗಿದೆ ಅಂತ ಬರೆದಿದ್ದಾನೆ. ಓರ್ಲೋವ್ ಆಕಾರವೂ ಅದೇ.

ಕೃಷ್ಣಾ ತೀರ

ಅದೂ ಊಹೆಯೇ ಸರ್. ಇಬ್ಬರ ಹತ್ತಿರವೂ ಕಾಗದ ಇಲ್ಲ. ಗೋಲ್ಕೊಂಡ ಸೀಮೆಯ ಕಲ್ಲು, ಮೊಗಲರ ಕಾಲದ ಉಜ್ಜುವಿಕೆ, ಇಷ್ಟಕ್ಕೆ ಯಾರದ್ದೂ ತಕರಾರಿಲ್ಲ.

ನಿದ್ದೆಗೇಡಿ

ರಷ್ಯಾದ ಲಾಂಛನ ನಮ್ಮ ಗಂಡಭೇರುಂಡ ಅಲ್ವಾ? ಏನಾದ್ರೂ ನಂಟು ಇದೆಯಾ?

ಬಾಲ್ಟಿಕ್ ಕನ್ನಡತಿ

ಇಲ್ಲ. ಅವರದ್ದು ಬೈಜಾಂಟಿಯಂ ಕಡೆಯಿಂದ ಬಂದ ಎರಡು ತಲೆಯ ಹದ್ದು. 15ನೇ ಶತಮಾನದ ಕೊನೆಯಲ್ಲಿ ಮೂರನೇ ಇವಾನ್ ಬಳಸಲು ಶುರು ಮಾಡಿದ್ದು.

ಭಾರತದ ನಂಟು ಬೇಕಿದ್ದರೆ ಇನ್ನೊಂದು ಮೊಟ್ಟೆ ಇದೆ. ನಿಕೊಲಾಸ್ ಯುವರಾಜನಾಗಿದ್ದಾಗ 1890–91ರಲ್ಲಿ ಹಡಗಿನಲ್ಲಿ ಪೂರ್ವ ದೇಶಗಳ ಪ್ರವಾಸ ಹೊರಟ. ಬೊಂಬಾಯಿಗೆ ಬಂದು ಭಾರತ ಸುತ್ತಿದ. ಜೊತೆಗಿದ್ದ ತಮ್ಮ ಜಾರ್ಜ್ ಕಾಯಿಲೆ ಬಿದ್ದು ಬೊಂಬಾಯಿಯಿಂದಲೇ ವಾಪಸ್ ಹೋದ. ಆ ಪ್ರವಾಸದ ನೆನಪಿಗೆ ಅಪ್ಪ ಮೂರನೇ ಅಲೆಕ್ಸಾಂಡರ್ 1891ರಲ್ಲಿ ಮಾಡಿಸಿದ್ದು ‘ಮೆಮೊರಿ ಆಫ್ ಅಜೋವ್’ ಎಗ್. ಕಡು ಹಸಿರಿನಲ್ಲಿ ಕೆಂಪು ಚುಕ್ಕೆಯ ಹೀಲಿಯೊಟ್ರೋಪ್ ಕಲ್ಲನ್ನು ಟೊಳ್ಳು ಕಡೆದು ಮಾಡಿದ ಮೊಟ್ಟೆ. ಒಳಗೆ ಅಕ್ವಾಮರಿನ್ ಹರಳಿನ ಸಮುದ್ರ, ಮೇಲೆ ಚಿನ್ನ ಪ್ಲಾಟಿನಂನ ಪುಟ್ಟ ಹಡಗು.

ಪತ್ತಾರ ಮನೆ

ಲೆಕ್ಕಿಗ ಅವರೇ, ನಿಮ್ಮ ವಾದಕ್ಕೂ ನಮ್ಮ ವಾದಕ್ಕೂ ಒಟ್ಟಿಗೆ ಸಾಕ್ಷಿ ಆಗುವ ಒಂದು ಪ್ರಕರಣ ಹೇಳುತ್ತೇನೆ.

ಚಕ್ರವರ್ತಿಗೆ ಫಾಬರ್ಜೆ ಮಾಡಿಕೊಟ್ಟ ಈಸ್ಟರ್ ಮೊಟ್ಟೆಗಳಲ್ಲಿ ಮೂರನೆಯದು, 1887ರದ್ದು. ಗೆರೆಗೆರೆಯ ಚಿನ್ನದ ಮೊಟ್ಟೆ, ಸಿಂಹದ ಪಾದಗಳ ಪೀಠ, ಒಳಗೆ ವಶೆರಾನ್ ಕಾನ್ಸ್ಟಾಂಟಿನ್ ಕಂಪನಿಯ ಹೆಂಗಸರ ಗಡಿಯಾರ. ಕ್ರಾಂತಿಯ ನಂತರ ಕೈ ಬದಲಾಗಿ ಕಾಣೆಯಾಯಿತು. ಅಮೆರಿಕದ ಒಳನಾಡಿನಲ್ಲಿ ಒಬ್ಬ ಹಳೆ ಚಿನ್ನದ ವ್ಯಾಪಾರಿ ಅದನ್ನು ಸುಮಾರು 14,000 ಡಾಲರ್ ಕೊಟ್ಟು ಕೊಂಡ. ಕರಗಿಸಿ ಕೆಲವು ನೂರು ಡಾಲರ್ ಲಾಭ ಮಾಡುವ ಯೋಚನೆ. ತೋರಿಸಿದವರೆಲ್ಲ ‘ನೀನು ಜಾಸ್ತಿ ಕೊಟ್ಟಿದ್ದೀಯ’ ಅಂದರು. ಬೇಸತ್ತು ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡ. 2012ರಲ್ಲಿ ಒಂದು ರಾತ್ರಿ ಗಡಿಯಾರದ ಮೇಲಿನ ಹೆಸರನ್ನೂ ‘ಎಗ್’ ಅನ್ನುವುದನ್ನೂ ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಕಾಣೆಯಾದ ಮೊಟ್ಟೆಯ ಬಗ್ಗೆ ಬ್ರಿಟಿಷ್ ಪತ್ರಿಕೆಯೊಂದರ ಲೇಖನ ಸಿಕ್ಕಿತು. ವಾರ್ಟ್‌ಸ್ಕಿಯವರು ಬಂದು ನೋಡಿ ಅದೇ ಅಂತ ಖಚಿತಪಡಿಸಿದರು. 2014ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು.

ಅದರ ಮೈಮೇಲೆ ಗೀರುಗಳಿದ್ದವು. ಚಿನ್ನ ಎಷ್ಟಿದೆ ಅಂತ ಪರೀಕ್ಷೆ ಮಾಡಿದ ಗೀರು. ಅಷ್ಟು ಜನ ವ್ಯಾಪಾರಿಗಳು ಕೈಯಲ್ಲಿ ಹಿಡಿದು ನೋಡಿದರೂ ತೂಕ ಬಿಟ್ಟು ಬೇರೇನೂ ಕಾಣಲಿಲ್ಲ.

ಲೆಕ್ಕಿಗ

ನನ್ನ ವಾದವೇ ಗೆದ್ದ ಹಾಗಾಯಿತಲ್ಲ! ಹೆಸರು ಗೊತ್ತಾಗುವವರೆಗೆ 14,000 ಡಾಲರ್ ಕೂಡ ಜಾಸ್ತಿ ಅಂದರು. ಹೆಸರು ಗೊತ್ತಾದ ಮರುದಿನ ಕೋಟಿಗಟ್ಟಲೆ.

ಪತ್ತಾರ ಮನೆ

ಅವರು ಹಳೆ ಚಿನ್ನದ ವ್ಯಾಪಾರಿಗಳು ಸರ್. ಅವರಿಗೆ ಕೆಲಸ ಕಾಣಲಿಲ್ಲ ಅಂದರೆ ಕೆಲಸಕ್ಕೆ ಬೆಲೆ ಇಲ್ಲ ಅಂತಲ್ಲ. ನಮ್ಮಲ್ಲೂ ಅಜ್ಜಿಯ ಅಡ್ಡಿಕೆ, ಸರಿಗೆಯನ್ನು ತೂಕಕ್ಕೆ ಹಾಕಿ ಕರಗಿಸುವುದನ್ನು ವಾರಕ್ಕೊಮ್ಮೆ ನೋಡುತ್ತೇನೆ. ಕೂಲಿ, ವೇಸ್ಟೇಜು ಕಳೆದು ಕೈಗೆ ಬರುವುದು ಚಿನ್ನದ ದುಡ್ಡು ಮಾತ್ರ.

ಹರಳುಮರುಳ

ಇದೇ ಗತಿ ರಾಜಮನೆತನದ ಎಷ್ಟೋ ಒಡವೆಗಳಿಗೆ ಆಯಿತು. ಹರಳು ಕಿತ್ತು ಬಿಡಿಬಿಡಿಯಾಗಿ ಮಾರಿದರು. 1927ರಲ್ಲಿ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಒಂದು ದೊಡ್ಡ ಕಂತು ಹರಾಜಾಯಿತು. ಖನಿಜ ವಿಜ್ಞಾನಿ ಫೆರ್ಸ್‌ಮನ್ ಅದಕ್ಕೂ ಮುಂಚೆ ಎಲ್ಲವನ್ನೂ ಪಟ್ಟಿ ಮಾಡಿ ಫೋಟೊ ತೆಗೆಸಿದ್ದರಿಂದ ಏನೇನಿತ್ತು ಅನ್ನುವುದಾದರೂ ಗೊತ್ತಾಗುತ್ತದೆ.

ಇಡಿಯಾಗಿ ಉಳಿದವುಗಳಲ್ಲಿ ವ್ಲಾದಿಮಿರ್ ಟಿಯಾರಾ (ತಲೆಗೆ ತೊಡುವ ಕಿರೀಟದಂಥ ಒಡವೆ) ಒಂದು. 1874ರಲ್ಲಿ ಬೋಲಿನ್ ಅಂಗಡಿ ಮಾಡಿದ್ದು. ಅಂದಹಾಗೆ ಅರಮನೆಯ ದೊಡ್ಡ ವಜ್ರದ ಒಡವೆಗಳಿಗೆ ಹೆಸರಾಗಿದ್ದವರು ಬೋಲಿನ್. ಈ ಟಿಯಾರಾದಲ್ಲಿ ಹದಿನೈದು ವಜ್ರದ ಬಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಪ್ರತಿ ಬಳೆಯೊಳಗೆ ತೂಗುವ ಮುತ್ತು. 1917ರಲ್ಲಿ ರಾಜವಂಶದ ಮರಿಯಾ ಪಾವ್ಲೋವ್ನಾಗಾಗಿ ಬರ್ಟಿ ಸ್ಟಾಪ್‌ಫರ್ಡ್ ಅನ್ನುವ ಇಂಗ್ಲಿಷಿನವನು ಅವಳ ಅರಮನೆಗೆ ಗುಟ್ಟಾಗಿ ಹೋಗಿ ತಿಜೋರಿಯಿಂದ ಒಡವೆ ತೆಗೆದು ದೇಶದಾಚೆ ಸಾಗಿಸಿದ. 1921ರಲ್ಲಿ ಅವಳ ಮಗಳು ಟಿಯಾರಾವನ್ನು ಬ್ರಿಟನ್ನಿನ ರಾಣಿ ಮೇರಿಗೆ ಮಾರಿದಳು. ಮೇರಿ ಮುತ್ತಿನ ಬದಲು ಪಚ್ಚೆ ತೂಗುಹಾಕುವ ಹಾಗೂ ಮಾಡಿಸಿದಳು. ಎರಡನೇ ಎಲಿಜಬೆತ್ ತಲೆಯ ಮೇಲೆ ನೀವೆಲ್ಲ ನೋಡಿದ್ದು ಅದೇ.

ಹೊಸಬಿ

ಎಲ್ಲರಿಗೂ ನಮಸ್ಕಾರ. ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ನಮ್ಮ ಅಕ್ಕ ಜಾರ್ಜಿಯಾದ ತಿಬಿಲಿಸಿಗೆ ಹೋದಾಗ ಅಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬೆಳ್ಳಿ ಚಮಚ ತಂದಿದ್ದಾಳೆ. ಮಾರಿದವನು ‘ಫಾಬರ್ಜೆ, ಅರಮನೆಯದ್ದು’ ಅಂದನಂತೆ. ಹಿಂದೆ 84 ಅಂತ ಇದೆ, ಒಂದು ಹೆಂಗಸಿನ ತಲೆ ಇದೆ, ರಷ್ಯನ್ ಅಕ್ಷರಗಳಿವೆ. ನಿಜ ಇರಬಹುದಾ?

ಪತ್ತಾರ ಮನೆ

84 ಅಂದರೆ ಬೆಳ್ಳಿಯ ಶುದ್ಧತೆ ತಂಗಿ. ಅವರ ಲೆಕ್ಕದಲ್ಲಿ ಅಪ್ಪಟ ಲೋಹ 96 ಜೊಲೊತ್ನಿಕ್. 84 ಅಂದರೆ 96ರಲ್ಲಿ 84 ಪಾಲು, ನಮ್ಮ ಲೆಕ್ಕಕ್ಕೆ 875. 88 ಇದ್ದರೆ 916, ನಮ್ಮ 22 ಕ್ಯಾರೆಟ್ ಚಿನ್ನದ ನಂಬರ್ರೇ. ಅವರ ಚಿನ್ನದ ಮೇಲೆ ಹೆಚ್ಚಾಗಿ 56 ಇರುತ್ತದೆ, ಅಂದರೆ 14 ಕ್ಯಾರೆಟ್. ನಮ್ಮವರು ಮೂಗು ಮುರಿಯುವ ಚಿನ್ನದಲ್ಲೇ ಚಕ್ರವರ್ತಿಯ ಸಾಮಾನು ಮಾಡುತ್ತಿದ್ದರು. 14 ಕ್ಯಾರೆಟ್ ಗಟ್ಟಿ.

ಹೆಂಗಸಿನ ತಲೆ ಕೊಕೊಶ್ನಿಕ್ ಅನ್ನುವ ಶಿರಸ್ತ್ರಾಣ ತೊಟ್ಟವಳದ್ದು. 1899ರಿಂದ ಬಂದ ಸರ್ಕಾರಿ ಮುದ್ರೆ. ಎಡಕ್ಕೆ ನೋಡುತ್ತಿದ್ದರೆ 1908ಕ್ಕೆ ಮುಂಚಿನದು. ಬಲಕ್ಕೆ ನೋಡುತ್ತಿದ್ದರೆ 1908ರ ನಂತರದ್ದು, ಪಕ್ಕದಲ್ಲಿ ಒಂದು ಗ್ರೀಕ್ ಅಕ್ಷರವೂ ಇರಬೇಕು. ಆಲ್ಫಾ ಆದರೆ ಪೀಟರ್ಸ್‌ಬರ್ಗ್, ಡೆಲ್ಟಾ ಆದರೆ ಮಾಸ್ಕೋ.

ಹೊಸಬಿ

ಬಲಕ್ಕೆ ನೋಡುತ್ತಿದ್ದಾಳೆ. ಪಕ್ಕದಲ್ಲಿ ಪುಟ್ಟ ತ್ರಿಕೋನ ಇದೆ. ಫಾಬರ್ಜೆ ಹೆಸರು ಮಾತ್ರ ಬೇರೆ ಕಡೆ, ಹಿಡಿಯ ಮೇಲೆ ಇದೆ. ಅಕ್ಷರ ತುಂಬಾ ಚೂಪಾಗಿವೆ.

ಪತ್ತಾರ ಮನೆ

ತ್ರಿಕೋನವೇ ಡೆಲ್ಟಾ. ಹಾಗಾದರೆ ಮಾಸ್ಕೋದಲ್ಲಿ 1908ರಿಂದ ಕ್ರಾಂತಿಯ ನಡುವೆ ಮುದ್ರೆ ಬಿದ್ದ ಬೆಳ್ಳಿ ಇರಬಹುದು. ಫಾಬರ್ಜೆಯ ಬೆಳ್ಳಿ ಪಾತ್ರೆ, ಚಮಚಗಳು ಜಾಸ್ತಿ ಮಾಡಿದ್ದೂ ಮಾಸ್ಕೋ ಶಾಖೆಯೇ. ಅಲ್ಲಿಯ ಮುದ್ರೆಯಲ್ಲಿ ಹೆಸರಿನ ಮೇಲೆ ಎರಡು ತಲೆಯ ಹದ್ದು ಇರುತ್ತದೆ. ಇದೆಯಾ ನೋಡಿ.

ನಿಜವಾದ ಹಳೆ ಚಮಚದ ಮೇಲೆ ಆಮೇಲೆ ಫಾಬರ್ಜೆ ಹೆಸರು ಹೊಡೆದು ಮಾರುವುದು ದೊಡ್ಡ ದಂಧೆ. ಉಳಿದ ಮುದ್ರೆಗಳು ನೂರು ವರ್ಷ ತಿಕ್ಕಿ ಸವೆದಿದ್ದು, ಹೆಸರು ಮಾತ್ರ ನಿನ್ನೆ ಹೊಡೆದ ಹಾಗೆ ಚೂಪಾಗಿದ್ದರೆ ಅನುಮಾನ ಪಡಬೇಕು. ಲೆನ್ಸ್ ಇಟ್ಟು ಅಕ್ಷರದ ಅಂಚು ನೋಡಿ. ಹೊಸದಾಗಿ ಹೊಡೆದಿದ್ದರೆ ಸುತ್ತ ಬೆಳ್ಳಿ ಸ್ವಲ್ಪ ಉಬ್ಬಿರುತ್ತದೆ, ಚಮಚದ ಮುಂಭಾಗದಲ್ಲಿ ಬೆರಳಿಗೆ ತಗ್ಗು ಸಿಗುತ್ತದೆ.

ಹೊಸಬಿ

ಹದ್ದು ಇಲ್ಲ. ಮುಂದೆ ತಗ್ಗು ಸಿಗುತ್ತಿದೆ. ಅಕ್ಕ 200 ಡಾಲರ್ ಕೊಟ್ಟಿದ್ದಾಳೆ, ಅವಳಿಗೆ ಹೇಗೆ ಹೇಳಲಿ?

ಲೆಕ್ಕಿಗ

ಬೆಳ್ಳಿ ನಿಜ, ಕಾಲ ನಿಜ, ಹೆಸರೊಂದು ಸುಳ್ಳು ಅಂತ ಹೇಳಿ. ಚಮಚ ಮಾಡಿದವನ ಮೊದಲಕ್ಷರಗಳು 84ರ ಹತ್ತಿರ ಬೇರೆಯಾಗಿ ಇರಬೇಕು. ಅದರ ಫೋಟೊ ಹಾಕಿ, ಯಾರು ಅಂತ ಹುಡುಕೋಣ.